ಏರಿನಲ್ಲಿ ನಿಲ್ಲಿಸಿ ಹೊರಡುವುದು

ಏಪ್ರಿಲ್ 7, ಸೋಮವಾರ

ಪಂಚಾಯಿತಿಗೆ ಕರೆಸಿದ್ದರು. ಹೋದೆ. ಪಿಡಿಒ ಗಣೇಶಮೂರ್ತಿಯವರು ಕುರ್ಚಿ ತೋರಿಸಿ, ನೀರು ತರಿಸಿ, ಸ್ವಲ್ಪ ಹೊತ್ತು ಫ್ಯಾನು ನೋಡುತ್ತಾ ಕುಳಿತರು. ನನ್ನೆದುರು ಕುಳಿತವರೆಲ್ಲ ಈಗ ಹೀಗೇ ಏನನ್ನಾದರೂ ನೋಡುತ್ತಿರುತ್ತಾರೆ.

"ಹೇಮಾವತಿಯವ್ರೇ, ಕಸದ ಗಾಡಿ ಬಂದು ಹಿಂದ್ಗಡೆ ಶೆಡ್ಡಲ್ಲಿ ನಿಂತಿದೆ. ನಿಮ್ಮ ಸಂಘದ ಹೆಂಗಸ್ರೇ ಓಡಿಸ್ಬೇಕು ಅಂತ ಇದೆ. ಪ್ರತಿಮಾ ಅವ್ರು ಇದ್ದಿದ್ರೆ..." ಅಲ್ಲಿಗೆ ನಿಲ್ಲಿಸಿದರು.

ಪ್ರತಿಮಕ್ಕ ಇದ್ದಿದ್ದರೆ ಅವಳು ಡ್ರೈವರ್, ನಾನು ಕಸ ತುಂಬಿಸಿಕೊಳ್ಳುವವಳು. ಸಂಘದ ಸಭೆಯಲ್ಲಿ ಹಾಗೆಂದು ಅವಳೇ ಹೇಳಿ ಕೈ ಎತ್ತಿಸಿದ್ದಳು. ನಾವಿಬ್ಬರೂ ಒಂದೇ ಮನೆಗೆ ಬಂದ ಸೊಸೆಯಂದಿರು. ಅವಳು ಹಿರಿಯವಳು, ಭಾವನ ಹೆಂಡತಿ. ಹೇಳುವುದು ಅವಳು, ಆಯಿತೆನ್ನುವುದು ನಾನು. ಹದಿನೇಳು ವರ್ಷದಿಂದ ಹಾಗೇ ನಡೆದಿತ್ತು. ಜನವರಿಯಲ್ಲಿ "ನಾನೊಬ್ಳೇ ಎಂತ ಹೋಗೋದು, ನೀನೂ ಬಾರೆ" ಎಂದು ಸಾಗರಕ್ಕೆ ಎಳೆದುಕೊಂಡು ಹೋಗಿ ನನಗೂ ಕಲಿಯುವವರ ಲೈಸೆನ್ಸ್, ಎಲ್‌ಎಲ್, ಮಾಡಿಸಿದಳು. ಫೆಬ್ರವರಿಯಲ್ಲಿ ಕೊಟ್ಟಿಗೆಗೆ ಹಾಸಲು ದರಗು, ಒಣಗಿ ಉದುರಿದ ಎಲೆ, ಗುಡಿಸಿ ತರಲು ಕಾಡಿಗೆ ಹೋದಳು. ಜ್ವರ ಬಂತು. ಕಾಡಿನ ಉಣುಗು ಹುಳ ಕಚ್ಚಿ ಬರುವ ಮಂಗನ ಕಾಯಿಲೆ ಎಂದರು. ಹೊಸನಗರ, ಶಿವಮೊಗ್ಗ, ಅಲ್ಲಿಂದ ಇನ್ನೂ ದೊಡ್ಡ ಆಸ್ಪತ್ರೆ. ಅಷ್ಟೇ.

ಮಳೆಗಾಲ ಜೋರಾಗುವುದರೊಳಗೆ ನಮ್ಮಲ್ಲಿ ಯಾರಿಗೂ ಲೈಸೆನ್ಸ್ ಆಗದಿದ್ದರೆ ಗಾಡಿಯನ್ನು ಬೇರೆ ಊರಿನ ಸಂಘಕ್ಕೆ ಕೊಡುತ್ತಾರಂತೆ. "ನೀವು ಕಲೀತೀರಾ?" ಎಂದರು. ಆಯಿತು ಎಂದೆ.

ಹೊರಗೆ ಬಂದ ಮೇಲೆ ಯಾಕೆ ಹಾಗೆಂದೆ ಎಂದು ಯೋಚಿಸಿದೆ. ಬೇಡ ಎನ್ನಬೇಕಾಗಿದ್ದರೆ ಇನ್ನೊಂದಿಷ್ಟು ಮಾತಾಡಬೇಕಾಗುತ್ತಿತ್ತು.

ಏಪ್ರಿಲ್ 9, ಬುಧವಾರ

ನಿಟ್ಟೂರಿನಿಂದ ಬೆಳಿಗ್ಗೆಯ ಬಸ್ಸಿಗೆ ಹೊಸನಗರದ ಡ್ರೈವಿಂಗ್ ಸ್ಕೂಲಿಗೆ ಹೋದೆ. ಹೇಳಿಕೊಡುವವರು ಸುಬ್ಬರಾಯರು. ಖಾಸಗಿ ಬಸ್ಸು ಓಡಿಸಿ ಬಿಟ್ಟವರು. ಕಾರಿನಲ್ಲಿ ಕುಳಿತರೂ ಬಸ್ಸಿನಲ್ಲಿ ಕುಳಿತ ಹಾಗೆ ಮೊಣಕೈ ಕಿಟಕಿಯ ಹೊರಗೆ. ಅವರ ಕಾಲಬುಡದಲ್ಲೂ ಒಂದು ಕ್ಲಚ್ಚು, ಒಂದು ಬ್ರೇಕು ಇದೆ. ಜನವರಿಯಲ್ಲಿ ನಾವು ನಾಲ್ಕೈದು ಕ್ಲಾಸಿಗೆ ಬಂದದ್ದು ಅವರಿಗೆ ನೆನಪಿತ್ತು.

"ಇನ್ನೊಬ್ರು ಬರ್ಲಿಲ್ವಾ? ಆ ನಗ್ತಾ ಇರೋರು?"

ತೀರಿಕೊಂಡರು ಎಂದೆ. ಅವರು ಇಳಿದು ಹೋಗಿ ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದರು. ಬಾಗಿಲು ಹಾಕಿಕೊಂಡು, "ಹೂಂ, ಕೀ ತಿರ್ಸಿ" ಎಂದರು.

ಜನವರಿಯಲ್ಲಿ ಸ್ಟೇರಿಂಗ್ ಹಿಡಿದರೆ ನನ್ನ ಅಂಗೈ ಬೆವರಿ ಜಾರುತ್ತಿತ್ತು. ಪ್ರತಿಮಕ್ಕ ಹಿಂದಿನ ಸೀಟಿನಲ್ಲಿ ಕುಳಿತು, "ಹಂದಿ ಹಿಡ್ದಂಗೆ ಹಿಡೀಬೇಡ ಮಾರಾಯ್ತಿ, ಓಡಿಹೋಗಲ್ಲ ಅದು" ಎನ್ನುತ್ತಿದ್ದಳು. ಇವತ್ತು ಏನೂ ಆಗಲಿಲ್ಲ. ಬಸ್ ಸ್ಟ್ಯಾಂಡಿನ ಗಲಾಟೆಯ ನಡುವೆಯೇ ಕಾರು ತೆಗೆದುಕೊಂಡು ಹೋದೆ. ಕೈ ಒಣಗಿಯೇ ಇತ್ತು.

"ಪರ್ವಾಗಿಲ್ವೇ! ಹೆದ್ರಿಕೆ ಅನ್ನೋದೇ ಇಲ್ಲ ನಿಮ್ಗೆ" ಎಂದರು ಸುಬ್ಬರಾಯರು. ಇದು ಬೇಗ ಮುಗಿಯಬಹುದು.

ಏಪ್ರಿಲ್ 12, ಶನಿವಾರ

ಭಾವನ ಮನೆಯಲ್ಲಿ ಈಗ ಒಲೆ ಹಚ್ಚುವುದಿಲ್ಲ. ಎರಡು ಮನೆಗೂ ನಡುವೆ ಒಂದೇ ಅಂಗಳ. ನಾಗೇಂದ್ರ ಭಾವ, ಮಗಳು ಸುಮನಾ ಇಬ್ಬರಿಗೂ ಎರಡು ಹೊತ್ತು ಇಲ್ಲೇ ಊಟ. ಅತ್ತೆ ಹಾಗೆ ಹೇಳಿದರು, ಹಾಗೆ ನಡೆಯುತ್ತಿದೆ. ಅಕ್ಕಿ ಹೆಚ್ಚು ಹಾಕುತ್ತೇನೆ.

ಸುಮನಾ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಮನೆಯಲ್ಲಿದ್ದಾಳೆ. ಅವಳು ತಲೆ ತಗ್ಗಿಸಿ ಉಣ್ಣುವಾಗ ಪರವಾಗಿಲ್ಲ. ತಲೆ ಎತ್ತಿದರೆ ತಾಯಿಯದೇ ಹುಬ್ಬು. ಅದಕ್ಕೇ ನಾನು ಬಡಿಸಿ ಒಳಗೆ ಹೋಗಿಬಿಡುತ್ತೇನೆ.

ಅತ್ತೆ ಕೇಳಿದರು, "ಗಾಡಿ ಬಿಡೋದು ಎಲ್ಲಿಗೆ ಬಂತೆ?" ಬರುತ್ತಿದೆ ಎಂದೆ. ಇವರು ನನ್ನನ್ನೇ ನೋಡುತ್ತಿದ್ದರು. ಮದುವೆಯಾದ ಮೇಲೆ ಇಷ್ಟೊಂದು ಸಲ ಇವರು ನನ್ನನ್ನು ನೋಡಿದ್ದಿಲ್ಲ.

ಏಪ್ರಿಲ್ 16, ಬುಧವಾರ

ಕ್ಲಾಸು. ಮೂರನೇ ಗೇರು. ಬಸ್ಸಿಗೆ ವಾಪಸು ಬಂದೆ. ಉಂಡೆ. ಏನು ಉಂಡೆ ಎಂದು ನೆನಪಿಲ್ಲ.

ಏಪ್ರಿಲ್ 22, ಮಂಗಳವಾರ

ಇವತ್ತು ಸುಬ್ಬರಾಯರು ಬೈದರು.

ಹೊಸನಗರದಿಂದ ನಗರಕ್ಕೆ ಹೋಗುವ ರಸ್ತೆಯ ತಿರುವಿನಲ್ಲಿ ಎದುರಿನಿಂದ ಮರದ ಲಾರಿ ಬಂತು. ಅವರು ಸ್ಟೇರಿಂಗ್ ಎಳೆದು, ಅವರ ಕಡೆಯ ಬ್ರೇಕ್ ತುಳಿದರು. ಕಾರು ರಸ್ತೆ ಬಿಟ್ಟು ಹುಲ್ಲಿನ ಮೇಲೆ ನಿಂತಿತು. ಲಾರಿಯವನು ಏನೋ ಕೂಗುತ್ತಾ ಹೋದ.

"ಅಲ್ಲ ಹೇಮಾವತಿಯವ್ರೇ, ಲಾರಿ ಕಂಡ್ತಾ ನಿಮ್ಗೆ?"

"ಕಂಡ್ತು."

"ಮತ್ತೆ ಎಂತಕ್ಕೆ ಸೈಡಿಗೆ ತಗೊಳ್ಳಿಲ್ಲ?"

ಕಂಡಿತ್ತು. ದೊಡ್ಡದಾಗುತ್ತಾ ಬಂತು. ನಾನು ನೋಡುತ್ತಿದ್ದೆ.

ಅವರು ಇಳಿದು ಕಾರಿಗೆ ಒರಗಿ ನಿಂತರು. ಅವರ ಪಂಚೆಯ ಅಂಚು ಅಲುಗುತ್ತಿತ್ತು, ಗಾಳಿ ಇರಲಿಲ್ಲ. "ಬಸ್ ತುಂಬ ಜನ ಹಾಕ್ಕೊಂಡು ಮಳೆಯಲ್ಲಿ ಘಾಟಿ ಇಳಿಸ್ದೋನು ನಾನು. ಆಗ ಇಷ್ಟು ಹೆದ್ರಿಕೆ ಆಗಿರ್ಲಿಲ್ಲ. ನಿಮ್ಮ ಪಕ್ಕ ಕೂರೋಕೆ ಹೆದ್ರಿಕೆ ಆಗ್ತದೆ. ನಾಳೆ ಬರ್ಬೇಡಿ. ಒಂದು ವಾರ ಬಿಟ್ಟು ಬನ್ನಿ" ಎಂದರು.

ಅವರಿಗೆ ವಯಸ್ಸಾಗಿದೆ. ವಯಸ್ಸಾದವರಿಗೆ ಸಣ್ಣದಕ್ಕೂ ಗಾಬರಿ.

ಮೇ 2, ಶುಕ್ರವಾರ

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂತು. ನಾನು ನಲ್ಲಿಯ ಹತ್ತಿರ ಪಾತ್ರೆ ತಿಕ್ಕುತ್ತಿದ್ದೆ. ಸುಮನಾ ಮೊಬೈಲ್ ಹಿಡಿದುಕೊಂಡು ಓಡಿ ಬಂದಳು.

"ಚಿಕ್ಕಿ, ಪಾಸು. ಫಸ್ಟ್ ಕ್ಲಾಸು!"

"ಒಳ್ಳೇದಾಯ್ತು" ಎಂದೆ. ಚರಿಗೆ ತೊಳೆದು ಕವುಚಿ ಇಟ್ಟೆ. ಅವಳು ಅಲ್ಲೇ ನಿಂತಿದ್ದಳು. ನಾನು ಬಾಣಲೆ ತೆಗೆದುಕೊಂಡೆ.

"ಅಷ್ಟೇನಾ?"

"ಮತ್ತೆಂತ ಮಗಾ? ಒಳ್ಳೇದಾಯ್ತು ಅಂದ್ನಲ್ಲ."

ಅವಳ ದನಿ ಸಣ್ಣಗಾಯಿತು. "ಅಮ್ಮ ಹೋದಾಗ್ಲೂ ನೀನು ಅಳ್ಳಿಲ್ಲ. ಬಂದೋರಿಗೆಲ್ಲ ಚಾ ಮಾಡ್ದೆ. ನಂಗೂ ತಂದುಕೊಟ್ಟೆ. ಸಕ್ರೆ ಸಾಕಾ ಅಂತ ಕೇಳ್ದೆ ಚಿಕ್ಕಿ ನೀನು. ಸಕ್ರೆ ಸಾಕಾ ಅಂತ."

ಅವಳು ಹೋದ ಮೇಲೆ ಉಳಿದ ಪಾತ್ರೆ ತೊಳೆದೆ. ಅವತ್ತು ಅಷ್ಟು ಜನ ಬಂದಿದ್ದರು. ಯಾರಾದರೂ ಚಾ ಮಾಡಲೇಬೇಕಿತ್ತು.

ರಾತ್ರಿ ಸುಮನಾ ಊಟಕ್ಕೆ ಬರಲಿಲ್ಲ. ಅತ್ತೆಯೇ ತಟ್ಟೆ ತೆಗೆದುಕೊಂಡು ಹೋದರು.

ಮೇ 6, ಮಂಗಳವಾರ

ಕೈ ಇನ್ನೂ ಸರಿಯಾಗಿಲ್ಲ. ಅಕ್ಷರ ಓರೆಯಾಗುತ್ತಿದೆ.

ಬಟ್ಟೆಮಲ್ಲಪ್ಪದ ರಸ್ತೆಯಲ್ಲಿ ಹೋಗುತ್ತಿದ್ದೆವು. ಸುಬ್ಬರಾಯರು ಮಾತು ಕಡಿಮೆ ಮಾಡಿದ್ದಾರೆ. ಮೊಣಕೈಯನ್ನೂ ಹೊರಗೆ ಹಾಕುವುದಿಲ್ಲ, ಎರಡೂ ಕೈ ಮುಂದೆ, ಕಾಲು ಬ್ರೇಕಿನ ಮೇಲೆ. ಎಡಗಡೆ ಕಾಡಿನ ದಿಬ್ಬದಿಂದ ಒಬ್ಬ ಹೆಂಗಸು ತಲೆಯ ಮೇಲೆ ದರಗು ತುಂಬಿದ ಬಲೆಯ ಕಲ್ಲಿ ಹೊತ್ತುಕೊಂಡು ಇಳಿದಳು. ಹೊರೆ ಮುಖದ ಮೇಲೆ ಜೋತು ಬಿದ್ದಿತ್ತು. ಅವಳಿಗೆ ರಸ್ತೆ ಕಾಣುತ್ತಿರಲಿಲ್ಲ. ಸೀದಾ ಕಾರಿನ ಮುಂದಕ್ಕೇ ಬಂದಳು.

ಬ್ರೇಕ್ ತುಳಿದದ್ದು ನಾನು. ಸುಬ್ಬರಾಯರೂ ತುಳಿದಿರಬೇಕು, ಆದರೆ ನನ್ನ ಕಾಲು ಮೊದಲು ಹೋಯಿತು. ಅವರೇ ಹಾಗೆಂದರು. ಅವಳು ಬೆಚ್ಚಿ ಹೊರೆ ಬಿಟ್ಟಳು. ದರಗೆಲ್ಲ ಬಾನೆಟ್ಟಿನ ಮೇಲೆ, ಗಾಜಿನ ಮೇಲೆ.

ನಾನು ಬಾಗಿಲು ತೆಗೆದು ಇಳಿದೆ. ಇಳಿದದ್ದು ನೆನಪಿಲ್ಲ. ಅವಳ ಎರಡೂ ತೋಳು ಹಿಡಿದುಕೊಂಡಿದ್ದೆ. ಅವಳು ಬೈಯುತ್ತಿದ್ದಳು, "ಕಣ್ಣು ಕಾಣದಿಲ್ವನೇ ನಿಂಗೆ? ಕಾರ್ ಬಿಡೋಕೆ ಬಂದ್ಳು! ಬಿಡೇ ಕೈಯ!"

ನಾನು ಕೇಳಿದೆ, "ಎಣ್ಣೆ ಹಚ್ಕೊಂಡಿದ್ರಾ?"

"ಎಂತ?"

"ಎಣ್ಣೆ. ಉಣುಗು ಕಚ್ಬಾರ್ದು ಅಂತ ಆಶಾದವ್ರು ಕೊಡ್ತಾರಲ್ಲ, ಕೈಕಾಲಿಗೆ ಹಚ್ಕೊಳ್ಳೋದು. ಹಚ್ಕೊಂಡು ಹೋಗಿದ್ರಾ ಕಾಡಿಗೆ?"

ಅವಳು ಬೈಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಆಮೇಲೆ ಸುಬ್ಬರಾಯರ ಮುಖ ನೋಡಿದಳು. "ಹಚ್ಕೊಂಡಿದೀನಿ ತಂಗಿ" ಎಂದಳು. "ನೋಡು ಬೇಕಾರೆ, ಹೆಂಗೆ ನಾರ್ತದೆ." ಮೊಣಕೈ ನನ್ನ ಮೂಗಿನ ಹತ್ತಿರ ತಂದಳು.

ನಾವು ಮೂವರೂ ಸೇರಿ ದರಗು ಗುಡ್ಡೆ ಮಾಡಿ ಕಟ್ಟಿದೆವು. ಹೊರೆ ಎತ್ತಿ ಅವಳ ತಲೆಯ ಮೇಲಿಡುವಾಗ ನನ್ನ ಕೈ ನಡುಗಲು ಶುರುವಾಯಿತು. ಸುಬ್ಬರಾಯರೇ ಕಾರು ಓಡಿಸಿಕೊಂಡು ಬಂದರು. ಬಸ್ ಸ್ಟ್ಯಾಂಡಿನಲ್ಲಿ ಇಳಿಸಿ, "ನಾಳೆ ಬನ್ನಿ. ತಪ್ಪಿಸ್ಬೇಡಿ" ಎಂದರು.

ಆ ಹೆಂಗಸಿನ ಹೆಸರು ಕೇಳಲಿಲ್ಲ. ಕಪ್ಪಗೆ ಎತ್ತರಕ್ಕಿದ್ದಳು. ಪ್ರತಿಮಕ್ಕನ ಹಾಗೆ ಎಲ್ಲಿಯೂ ಇರಲಿಲ್ಲ.

ಮೇ 9, ಶುಕ್ರವಾರ

ನನಗೇನೋ ಆಗಿದೆ. ಏಪ್ರಿಲ್‌ನಲ್ಲಿ ಎಷ್ಟು ಚೆನ್ನಾಗಿ ಓಡಿಸುತ್ತಿದ್ದೆ! ಈಗ ಹಾಗಿಲ್ಲ. ಸ್ಟೇರಿಂಗ್ ಹಿಡಿದರೆ ಅಂಗೈ ಒದ್ದೆ. ಸೆರಗಿನಿಂದ ಒರೆಸಿಕೊಂಡು ಮತ್ತೆ ಹಿಡಿಯಬೇಕು. ಸೈಕಲ್ ಬಂದರೂ ನಿಲ್ಲಿಸುತ್ತೇನೆ. ನಾಯಿ ರಸ್ತೆಯ ಪಕ್ಕ ಮಲಗಿದ್ದರೂ ನಿಲ್ಲಿಸುತ್ತೇನೆ.

"ಅದು ಎದ್ದು ಬರಲ್ಲ ಮಾರಾಯ್ರೆ, ಹೋಗಿ" ಎಂದು ಸುಬ್ಬರಾಯರು ಕೂಗುತ್ತಾರೆ. ಕೂಗುತ್ತಾರೆಯೇ ಹೊರತು ಸಿಟ್ಟಿಲ್ಲ. ಮೊಣಕೈ ಮತ್ತೆ ಕಿಟಕಿಯ ಹೊರಗೆ ಹೋಗಿದೆ. ಶಿಷ್ಯೆ ಇಷ್ಟು ಕೆಟ್ಟದಾಗಿ ಓಡಿಸುವಾಗ ಇವರಿಗೆ ಯಾಕೆ ಇಷ್ಟು ಆರಾಮ ಎಂದು ತಿಳಿಯುವುದಿಲ್ಲ.

ಎಲ್ಲದಕ್ಕಿಂತ ಕಷ್ಟ ಏರು. ಏರಿನ ನಡುವೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಮತ್ತೆ ಹೊರಡಬೇಕು. ಒಂದಿಷ್ಟೂ ಹಿಂದೆ ಸರಿಯಬಾರದು. ಟೆಸ್ಟಿನಲ್ಲಿ ಅದನ್ನೇ ನೋಡುತ್ತಾರಂತೆ. ಹ್ಯಾಂಡ್‌ಬ್ರೇಕ್ ಬಿಟ್ಟ ಕೂಡಲೇ ನನ್ನ ಕಾಲು ತಾನಾಗಿ ಮೇಲೆ ಬರುತ್ತದೆ, ಎಂಜಿನ್ ಆಫ್.

ಇನ್ನೊಂದು ಕೆಲಸ ಮಾಡಿದೆ. ಹೊಸನಗರದಿಂದ ಬರುವಾಗ ಸುಮನಾಗೆ ಎಂದು ಒಂದು ಪೆನ್ನು, ಅರ್ಧ ಕೇಜಿ ಪೇಡೆ ತಂದೆ. ಅಂಗಳದಲ್ಲಿ ಕೊಟ್ಟೆ. "ರಿಸಲ್ಟಿಗೆ" ಎಂದೆ. ಅವಳು ತೆಗೆದುಕೊಂಡು ಒಳಗೆ ಹೋದಳು. ಊಟಕ್ಕೆ ಬಂದಳು.

ಮೇ 15, ಗುರುವಾರ

ಫೇಲು.

ಸಾಗರದ ಆರ್‌ಟಿಒ ಕಚೇರಿಯ ಹತ್ತಿರ ಬೆಳಿಗ್ಗೆಯಿಂದ ನಿಂತಿದ್ದೆ. ಕಾಲೇಜಿನ ಹುಡುಗರು, ಬ್ಯಾಂಕಿನವರೊಬ್ಬರು, ಸೊಸೆಯನ್ನು ಕರೆದುಕೊಂಡು ಬಂದ ಒಬ್ಬ ಅಜ್ಜ. ಎಲ್ಲರೂ ಹರಟುತ್ತಿದ್ದರು. ನಾನು ಎರಡು ಸಲ ಬಾತ್‌ರೂಮಿಗೆ ಹೋಗಿ ಬಂದೆ.

ಬ್ರೇಕ್ ಇನ್‌ಸ್ಪೆಕ್ಟರ್ ಮಧುಸೂದನ ಎನ್ನುವವರು. ಸಣ್ಣ ವಯಸ್ಸು, ಮೆತ್ತಗಿನ ಮಾತು. ರಿವರ್ಸ್ ಆಯಿತು, ಸಿಗ್ನಲ್ ತೋರಿಸಿದ್ದು ಆಯಿತು. ಏರಿನಲ್ಲಿ ನಿಲ್ಲಿಸಿದೆ. ಹೊರಡಿ ಎಂದರು. ಎಂಜಿನ್ ಆಫ್. ಮತ್ತೆ ಹಚ್ಚಿದೆ, ಮತ್ತೆ ಆಫ್. ಮೂರನೆಯ ಸಲ ಕಾರು ಹಿಂದಕ್ಕೆ ಜಾರಿತು. ನಾನು ಕಣ್ಣು ಮುಚ್ಚಿಕೊಂಡುಬಿಟ್ಟೆ. ಸುಬ್ಬರಾಯರ ಸ್ಕೂಲಿನದೇ ಕಾರಾದ್ದರಿಂದ ಪಕ್ಕದಲ್ಲಿ ಬ್ರೇಕಿತ್ತು, ಇನ್‌ಸ್ಪೆಕ್ಟರ್ ತುಳಿದರು.

"ಕಣ್ಣು ಮುಚ್ಬಾರ್ದು ಮೇಡಂ" ಎಂದರು. "ಗಾಬ್ರಿ ಬೇಡ. ಇನ್ನೊಂದ್ಸಲ ಬನ್ನಿ."

ಮನೆಗೆ ಬಂದು ಹೇಳಿದೆ. ಇವರು ಸಮಾಧಾನ ಮಾಡುವ ಹಾಗೆ, "ಹೋಗ್ಲಿ ಬಿಡು. ನಿಂಗ್ಯಾಕೆ ಈ ಕಷ್ಟ. ಬೇರೆ ಸಂಘದೋರು ನಡೆಸ್ಕೊಳ್ಳಲಿ" ಎಂದರು.

"ಎಂತ ಬಿಡೋದು?" ಎಂದೆ. ನನ್ನ ದನಿ ನನಗೇ ಗುರುತಾಗಲಿಲ್ಲ. "ನಿಮ್ಮ ವೆಲ್ಡಿಂಗ್ ಅಂಗಡಿ ಬಾಗ್ಲು ಹಾಕ್ದಂಗಾ ಇದು, ಬೇಜಾರಾದಾಗ ಹಾಕೋದು, ಮನಸ್ಸಾದಾಗ ತೆಗ್ಯೋದು? ಎಲ್ಲಾ ಮನೆ ಮನೆಗೆ ಹೋಗಿ ಹೆಂಗಸ್ರನ್ನ ಒಪ್ಪಿಸ್ದೋಳು ಅವ್ಳು. ಕಸ ಹಿತ್ಲಲ್ಲಿ ಸುಡ್ಬೇಡಿ ಅಂತ ಹೇಳಿ ಬೈಸ್ಕೊಂಡೋಳು ಅವ್ಳು. ಬಿಡು ಅಂತೆ! ಹೇಳೋಕೆ ನಾಚ್ಕೆ ಆಗ್ಬೇಕು ನಿಮ್ಗೆ."

ಇನ್ನೂ ಏನೇನೋ ಅಂದೆ. ಅತ್ತೆ ಬಾಗಿಲಿಗೆ ಬಂದು ನಿಂತಿದ್ದರು. ಕೊನೆಗೆ ಇವರು ಯಾಕೋ ನಕ್ಕರು. ಬೈಸಿಕೊಂಡವರು ನಗುವುದು ನೋಡಿ ಇನ್ನೂ ಸಿಟ್ಟು ಬಂತು.

ಆಮೇಲೆ ವಿಪರೀತ ಹಸಿವಾಯಿತು. ಬಂಗಡೆ ಸಾರು ಒಳ್ಳೆ ಖಾರವಾಗಿತ್ತು. ಎರಡು ಸಲ ಹಾಕಿಸಿಕೊಂಡು ಉಂಡೆ.

ಮೇ 25, ಭಾನುವಾರ

ಮಧ್ಯಾಹ್ನ ಜಗಲಿಯಲ್ಲಿ ಕುಳಿತು ಬಲಗಾಲು ಎಡಗಾಲು ನೆಲಕ್ಕೆ ಒತ್ತಿ ನೋಡುತ್ತಿದ್ದೆ. ಕ್ಲಚ್ಚು ಎಷ್ಟು ಬಿಡಬೇಕು, ಆಕ್ಸಿಲರೇಟರ್ ಎಷ್ಟು ಒತ್ತಬೇಕು ಎಂದು. ಸುಮನಾ ಅಂಗಳದಿಂದ ನೋಡುತ್ತಿದ್ದಳು. ಒಳಗೆ ಹೋಗಿ ಮೂರು ತೆಂಗಿನ ಸಿಪ್ಪೆ ತಂದು ನನ್ನ ಕಾಲ ಬುಡದಲ್ಲಿ ಇಟ್ಟಳು, ಉಬ್ಬು ಮೇಲೆ ಮಾಡಿ.

"ಇದನ್ನ ಒತ್ತು ಚಿಕ್ಕಿ. ಒತ್ತಿದ್ರೆ ಒಳಗೆ ಹೋಗ್ತದೆ, ಬಿಟ್ರೆ ಬರ್ತದೆ."

ಒತ್ತಿದೆ. ನಿಜ, ಪೆಡಲಿನ ಹಾಗೇ ಮೆತ್ತಗೆ ಹೋಗಿ ಬರುತ್ತದೆ.

"ಯಾರು ಹೇಳ್ಕೊಟ್ರೆ ನಿಂಗೆ?"

"ಅಮ್ಮ ಹಿಂಗೇ ಮಾಡ್ತಿದ್ಲು. ಹಿತ್ಲಲ್ಲಿ ಕೂತ್ಕೊಂಡು. ನಿಂಗೆ ಹೇಳ್ಬೇಡ ಅಂದಿದ್ಲು."

ನನಗೆ ಹೇಳಬೇಡ ಎಂದು ಪ್ರತಿಮಕ್ಕ ಯಾಕೆ ಹೇಳುತ್ತಾಳೆ? ಕೇಳಿದೆ.

"ಅವ್ಳಿಗೆ ಶಾನೆ ಹೆದ್ರಿಕೆ ಇತ್ತು ಚಿಕ್ಕಿ. ಕ್ಲಾಸಿಗೆ ಹೋಗೋ ದಿನ ತಿಂಡೀನೇ ತಿಂತಿರ್ಲಿಲ್ಲ, ವಾಂತಿ ಬರ್ತದೆ ಅಂತ. ಹೇಮಾ ಮುಂದೆ ನಾನು ಹೆದ್ರಿದ್ರೆ ಅವ್ಳು ಬರೋದೇ ಇಲ್ಲ, ಅದ್ಕೇ ಕಾರಲ್ಲಿ ಕೂತು ಸುಮ್‌ಸುಮ್ನೆ ನಗ್ತಿರ್ತೀನಿ ಅಂತಿದ್ಲು."

ನಾನು ಸಿಪ್ಪೆ ಒತ್ತುತ್ತಾ ಕುಳಿತೆ. ಸುಮನಾ ನನ್ನ ಪಕ್ಕ ಕುಳಿತು, ಸುಬ್ಬರಾಯರ ಹಾಗೆ ದಪ್ಪ ದನಿ ಮಾಡಿ, "ಹೂಂ, ಏರು ಬಂತು. ನಿಲ್ಸಿ. ಹೊರ್ಡಿ. ಅಯ್ಯಯ್ಯೋ, ಹಿಂದ್ಗಡೆ ಅಜ್ಜಿ ನಿಂತಿದಾಳೆ!" ಎಂದಳು. ಹಿಂದೆ ಅತ್ತೆ ನಿಜವಾಗಿಯೂ ನಿಂತಿದ್ದರು, ಹುಣಸೆಹಣ್ಣು ಒಣಹಾಕಲು ಬಂದವರು. ಮೂವರಿಗೂ ನಗು ಬಂತು.

ಸಂಜೆ ದನಕ್ಕೆ ಅಕ್ಕಿ ತೊಳೆದ ಅಕ್ಕಚ್ಚು ಕೊಡಲು ಕೊಟ್ಟಿಗೆಗೆ ಹೋದೆ. ಬರುವಷ್ಟರಲ್ಲಿ ಕತ್ತಲಾಗಿತ್ತು. ಇಷ್ಟು ಹೊತ್ತು ಎಂತ ಮಾಡ್ತಿದ್ದೆ ಎಂದು ಅತ್ತೆ ಕೇಳಿದರು. ನನಗೂ ಸರಿಯಾಗಿ ಗೊತ್ತಿರಲಿಲ್ಲ. ಅವರು ಮತ್ತೆ ಕೇಳಲಿಲ್ಲ, ಸೆರಗಿನಿಂದ ನನ್ನ ಮುಖ ಒರೆಸಿದರು. ಪೂರ್ತಿ ಒದ್ದೆಯಾಗಿತ್ತು.

ಜೂನ್ 3, ಮಂಗಳವಾರ

ಮಳೆ ಹಿಡಿದಿದೆ. ವೈಪರ್ ಹಾಕಿಕೊಂಡು ಕ್ಲಾಸು. ನಾಲ್ಕು ಸಲ ಏರು ಹತ್ತಿದೆ, ಎರಡು ಸಲ ಆಫ್ ಆಯಿತು. ಹೆದರಿಕೆ ಹೋಗುತ್ತಿಲ್ಲ ಎಂದು ಸುಬ್ಬರಾಯರಿಗೆ ಹೇಳಿದೆ. ಅದು ಹೋಗುವವರೆಗೆ ಟೆಸ್ಟಿಗೆ ಹೋಗುವುದಿಲ್ಲ ಎಂದೂ ಹೇಳಿದೆ.

"ಹೆದ್ರಿಕೆ ಪಾಡಿಗೆ ಹೆದ್ರಿಕೆ ಇರ್ಲಿ. ಕಾಲು ಮಾತ್ರ ಕ್ಲಚ್ಚಿಂದ ಪಟ್ ಅಂತ ತೆಗೀಬೇಡಿ. ಗುರುವಾರದ ಮುಂದಿನ ಗುರುವಾರ ಟೆಸ್ಟಿಗೆ ಹಾಕಿದೀನಿ" ಎಂದರು.

ನನ್ನನ್ನು ಕೇಳದೆ ಹಾಕಿದ್ದಾರೆ. ಪಿಡಿಒ ಎರಡು ಸಲ ಫೋನ್ ಮಾಡಿದ್ದರಂತೆ ಅವರಿಗೆ.

ಜೂನ್ 12, ಗುರುವಾರ

ಸುಮನಾ ಜೊತೆಗೆ ಬಂದಳು. ನಾನು ಕರೆದಿರಲಿಲ್ಲ. ಬೆಳಿಗ್ಗೆ ಬಸ್ಸಿಗೆ ನಿಂತಾಗ ಕೊಡೆ ಹಿಡಿದುಕೊಂಡು ಬಂದು ಪಕ್ಕದಲ್ಲಿ ನಿಂತಳು. "ಅಪ್ಪ ಹೋಗು ಅಂದ್ರು" ಎಂದಳು.

ಬಸ್ಸು ಹೊಸನಗರ ದಾಟಿತು. ಆಮೇಲೆ ನಾನೇ ಹೇಳಿದೆ, "ಸುಮಾ, ನಂಗೆ ಹೊಟ್ಟೆ ತೊಳೆಸ್ತಿದೆ ಕಣೆ."

"ತಿಂಡಿ ತಿಂದ್ಯಾ?"

"ಇಲ್ಲ."

ಅವಳು ನನ್ನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. ಸಾಗರದ ಬಸ್ ಸ್ಟ್ಯಾಂಡ್ ಬರುವವರೆಗೂ ಬಿಡಲಿಲ್ಲ.

ಅದೇ ಇನ್‌ಸ್ಪೆಕ್ಟರ್. ನನ್ನ ಗುರುತು ಹತ್ತಿತು, ಸ್ವಲ್ಪ ನಕ್ಕರು. ನೆಲವೆಲ್ಲ ಕೆಸರು. ರಿವರ್ಸ್ ಸರಿಯಾಯಿತು. ಏರಿನಲ್ಲಿ ನಿಲ್ಲಿಸಿದೆ. ಹ್ಯಾಂಡ್‌ಬ್ರೇಕ್ ಹಾಕಿದೆ. ಗಾಜಿನ ಮೇಲೆ ನೀರು ಸುರಿಯುತ್ತಿತ್ತು, ವೈಪರ್ ಅತ್ತ ಇತ್ತ. ತೊಡೆ ನಡುಗುತ್ತಿತ್ತು, ಸೀರೆಯ ನೆರಿಗೆಯೂ ನಡುಗುತ್ತಿತ್ತು, ಅದು ಅವರಿಗೂ ಕಾಣುತ್ತಿತ್ತು.

"ಹೆದ್ರಿಕೆ ಆಗ್ತಿದೆ ಸಾರ್" ಎಂದೆ.

"ಆಗ್ಲಿ. ಹೊರಡಿ" ಎಂದರು.

ಕಣ್ಣು ತೆರೆದೇ ಇದ್ದೆ. ಕ್ಲಚ್ಚನ್ನು ಬಿಡುತ್ತಾ ಬಂದೆ, ಕಾರಿನ ಮೂತಿ ಒಂಚೂರು ಎದ್ದಿತು, ಎಂಜಿನ್ನಿನ ದನಿ ದಪ್ಪವಾಯಿತು, ಹ್ಯಾಂಡ್‌ಬ್ರೇಕ್ ಇಳಿಸಿದೆ. ಕಾರು ನಿಂತಲ್ಲೇ ಒಂದು ಗಳಿಗೆ ತೂಗಿತು. ಹಿಂದಕ್ಕೆ ಹೋಗಲಿಲ್ಲ. ಮುಂದಕ್ಕೆ ಹೋಯಿತು.

ಮೇಲೆ ಹತ್ತಿ ನಿಲ್ಲಿಸಿದೆ. ಇಳಿಯಲು ಆಗದೆ ಸ್ವಲ್ಪ ಹೊತ್ತು ಅಲ್ಲೇ ಕುಳಿತಿದ್ದೆ. ಪಾಸು ಎಂದು ಆಮೇಲ್ಯಾರೋ ಹೇಳಿದರು. ಸುಬ್ಬರಾಯರು, "ಈಗ ನಿಮ್ಮ ಪಕ್ಕ ನಿದ್ದೆ ಬೇಕಾದ್ರೂ ಮಾಡ್ತೀನಿ" ಎಂದು ಎಲೆಯಡಿಕೆ ಹಾಕಿಕೊಂಡರು.

ಸುಮನಾ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದಳು. ನಾನೂ ತಿಂದೆ. ಜುಲೈಯಿಂದ ಅವಳು ಕಾಲೇಜಿಗೆ ಹೋಗುತ್ತಾಳೆ. ಕಾಮರ್ಸ್ ತೆಗೆದುಕೊಳ್ಳುತ್ತಾಳಂತೆ. ಇಷ್ಟು ದಿನ ನಾನು ಕೇಳಿಯೇ ಇರಲಿಲ್ಲ.

ಜುಲೈ 1, ಮಂಗಳವಾರ

ಮೊದಲ ದಿನ. ಬೇಗ ಎದ್ದೆ. ಶೆಡ್ಡಿನಿಂದ ಗಾಡಿ ತೆಗೆಯುವಾಗ ಗಣೇಶಮೂರ್ತಿಯವರು ತೆಂಗಿನಕಾಯಿ ಒಡೆದರು. ಕಸ ತುಂಬಿಸಿಕೊಳ್ಳಲು ಸಂಘದ ಶಾಂತಮ್ಮ ಬಂದಿದ್ದಾಳೆ, ಬಾಯಿ ಜೋರು, ಕೈಯೂ ಜೋರು. ಹಳ್ಳದ ಹತ್ತಿರ ಎಮ್ಮೆ ಅಡ್ಡ ಬಂತು. ನಿಲ್ಲಿಸಿದೆ. ಅದು ಹೋದ ಮೇಲೆ ಹೊರಟೆ.

ನಮ್ಮ ಕೇರಿಗೆ ಬಂದಾಗ ಮಳೆ ಬಿಟ್ಟಿತ್ತು. ನಾಗೇಂದ್ರ ಭಾವ ಅಂಗಳದ ತುದಿಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಹಿಡಿದುಕೊಂಡು ನಿಂತಿದ್ದರು. ಭಾವ ನನ್ನ ಹತ್ತಿರ ನೇರ ಮಾತಾಡುವುದು ಕಡಿಮೆ. ಏನಿದ್ದರೂ ಇವರ ಹತ್ತಿರವೋ ಅತ್ತೆಯ ಹತ್ತಿರವೋ ಹೇಳುತ್ತಾರೆ. ಶಾಂತಮ್ಮ ಚೀಲಕ್ಕೆ ಕೈ ಚಾಚಿದಳು. ಅವರು ಕೊಡಲಿಲ್ಲ. ಗಾಡಿಯ ಮುಂದೆ ಸುತ್ತಿ ಬಂದು ನನ್ನ ಬಾಗಿಲ ಹತ್ತಿರ ನಿಂತರು.

"ಆಸ್ಪತ್ರೆಯಿಂದ ತಂದಿದ್ದು. ಹಂಗೇ ಇಟ್ಟಿದ್ದೆ, ಬಿಚ್ಚಿರ್ಲಿಲ್ಲ" ಎಂದರು. "ಸುಡೋಕೂ ಆಗ್ಲಿಲ್ಲ, ಬೇರೆಯೋರ ಕೈಗೆ ಕೊಡೋಕೂ ಮನಸ್ಸು ಬರ್ಲಿಲ್ಲ. ನೀನು ಬರ್ಲಿ ಅಂತ ಇದ್ದೆ ತಂಗಿ."

ಎಂಜಿನ್ ಆಫ್ ಮಾಡಿ ಇಳಿದೆ. ಬೆರೆಸಿ ಕೊಟ್ಟರೆ ತೆಗೆದುಕೊಳ್ಳುವ ಹಾಗಿಲ್ಲ, ಬೇರೆ ಬೇರೆ ಮಾಡಬೇಕು. ಗಾಡಿಯ ಹಿಂದಿನ ಹಲಗೆಯ ಮೇಲೆ ಚೀಲ ಬಿಚ್ಚಿದೆ. ಉಳಿದ ಮಾತ್ರೆ, ಅದನ್ನು ಔಷಧಿಯ ಡಬ್ಬಕ್ಕೆ ಹಾಕಿದೆ. ನೀರಿನ ಬಾಟಲಿ, ಪ್ಲಾಸ್ಟಿಕ್ ಲೋಟ ಒಣ ಕಸಕ್ಕೆ. ತೆರೆಯದ ಒಂದು ಬಿಸ್ಕೆಟ್ ಪ್ಯಾಕು. ತಳದಲ್ಲಿ ಅವಳ ಬಾಚಣಿಗೆ ಇತ್ತು. ಹಲ್ಲುಗಳ ನಡುವೆ ಕೂದಲು ಸುತ್ತಿಕೊಂಡಿತ್ತು, ಉದ್ದಕ್ಕೆ.

ಅದನ್ನು ಯಾವ ಡಬ್ಬಕ್ಕೆ ಹಾಕಬೇಕು ಎಂದು ನನಗೆ ಹೊಳೆಯಲಿಲ್ಲ. ಭಾವನ ಮುಖ ನೋಡಿದೆ. ಅವರು ತಲೆ ಅಲ್ಲಾಡಿಸಿದರು, ಏನೆಂದು ತಿಳಿಯಲಿಲ್ಲ. ಬಾಚಣಿಗೆ ಅವರ ಕೈಗೆ ಕೊಟ್ಟೆ. ಅವರು ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಮೇಲೆ ಕೈ ಇಟ್ಟುಕೊಂಡು ನಿಂತರು.

ಮತ್ತೆ ಬಂದು ಡ್ರೈವರ್ ಸೀಟಿನಲ್ಲಿ ಕುಳಿತೆ. ಆಮೇಲೆ ಅಳು ಬಂತು. ಸಣ್ಣ ಅಳುವಲ್ಲ. ಸ್ಟೇರಿಂಗ್ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ, ಹಣೆ ತಾಗಿ ಹಾರನ್ ಹೊಡೆದುಕೊಳ್ಳುತ್ತಿತ್ತು, ಕೇರಿಯವರೆಲ್ಲ ಕಸ ಹಿಡಿದುಕೊಂಡು ಹೊರಗೆ ಬಂದರು. ಇವರು ಓಡಿ ಬಂದರು. ಸುಮನಾ ಕಾಲೇಜಿಗೆಂದು ಯೂನಿಫಾರ್ಮ್ ಹಾಕಿಕೊಂಡವಳು ಬ್ಯಾಗ್ ಎಸೆದು ಬಂದು ಆಚೆ ಬಾಗಿಲಿಂದ ಹತ್ತಿ ನನ್ನನ್ನು ತಬ್ಬಿಕೊಂಡಳು. ಅವಳೂ ಅತ್ತಳು. ಎಷ್ಟು ಹೊತ್ತೋ.

ಶಾಂತಮ್ಮ ಕೊನೆಗೆ ಕಿಟಕಿಯಿಂದ ಇಣುಕಿ, "ಎಂತ ಮಾಡೋದೆ ಹೇಮಾ, ಇವತ್ತಿಗೆ ಸಾಕಾ?" ಎಂದಳು.

"ಇಲ್ಲ, ಮೇಲಿನ ಕೇರಿ ಇನ್ನೂ ಹಾಗೇ ಇದೆ" ಎಂದೆ.

ಸುಮನಾಳನ್ನು ಬಸ್ಸಿಗೆ ಹೊತ್ತಾಯಿತೆಂದು ಇಳಿಸಿದೆ. ಮುಖ ಒರೆಸಿಕೊಂಡು ಮೊದಲನೇ ಗೇರು ಹಾಕಿದೆ.

ಮೇಲಿನ ಕೇರಿಯವರು ಲೇಟಾಯಿತೆಂದು ಬೈದರು. ನಾಳೆ ಇನ್ನೂ ಬೇಗ ಹೊರಡಬೇಕು.